ಬೀಗರು ಬಂದಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ತಿರುಗಾಟ ಎಂದರೆ ಪ್ರಾಣ. ಹೊರಡುವುದು ಮಾತ್ರ ಪ್ರಾಣಸಂಕಟ. ಈ ಎರಡೂ ಬೇರೆ ಬೇರೆ ಎಂಬುದು ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ನಮ್ಮವರಿಗೆ ತಿಳಿದಿಲ್ಲ. ಹದಿನೈದು ದಿನ ಮುಂಚೆ ಯಾರಾದರೂ ಬರ್ತೀರೇನ್ರಿ ಎಂದು ಕೇಳಿದರೆ ಸಾಕು, ಅವರ ಮಾತು ಮುಗಿಯುವ ಮೊದಲೇ ಹೂಂ ಅಂದಿರುತ್ತೇನೆ. ಯಾವ ಸೀರೆ ಉಡಬೇಕು, ಬುತ್ತಿಗೆ ಏನು ಕಟ್ಟಬೇಕು, ಬಸ್ಸಿನಲ್ಲಿ ಯಾವ ಕಡೆ ಕೂತರೆ ಬಿಸಿಲು ಹೊಡೆಯುವುದಿಲ್ಲ, ಎಲ್ಲವೂ ಆಗಲೇ ನಿರ್ಧಾರವಾಗುತ್ತದೆ. ಇನ್ನು ಮೂರು ದಿನವಿದೆ ಎನ್ನುವಾಗ ಉತ್ಸಾಹ ಇಳಿಯತೊಡಗುತ್ತದೆ. ಹೊರಡುವ ದಿನ ಬೆಳಿಗ್ಗೆ ಎದ್ದರೆ, ಹೂಂ ಅಂದವಳು ಯಾರೋ, ಹೋಗಬೇಕಾದವಳು ಯಾರೋ! ಅವಳು ಮಾಡಿದ ತಪ್ಪಿಗೆ ನಾನೇಕೆ ಸೀರೆ ಉಡಬೇಕು ಅನ್ನಿಸುತ್ತದೆ.

ಸೀರೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾನು ಬೆಟಗೇರಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಓಣಿಗೆಲ್ಲ ಸುಶೀಲಾ ಅಕ್ಕೋರು. ವಾರದಲ್ಲಿ ಆರು ದಿನ ಪಿನ್ನು ಚುಚ್ಚಿ, ನೆರಿಗೆ ಹಿಡಿದು, ಮಕ್ಕಳ ಮುಂದೆ ನಿಲ್ಲುವವಳು. ಏಳನೆಯ ದಿನದ ಒಡೆಯ ನನ್ನ ನೈಟಿ. ಒಗೆದು ಒಗೆದು ಬಣ್ಣವೆಲ್ಲ ಹೋಗಿ ಬೆಣ್ಣೆಯಂತಾಗಿದೆ. ನನ್ನ ಜೀವನದಲ್ಲಿ ತಪ್ಪಿಹೋದ ಸುಖಗಳಿಗೆಲ್ಲ ಈ ನೈಟಿಯೇ ಕಾರಣ ಎಂದು ನಮ್ಮವರು ಆಗಾಗ ಹೇಳುತ್ತಾರೆ. ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಒಮ್ಮೆ ಗದಗಿಗೆ ನಾಟಕ ಕಂಪನಿ ಬಂದಿತ್ತು. ಹೋಗಲೇಬೇಕು ಎಂದು ಗಂಟುಬಿದ್ದವಳು ನಾನೇ, ಹೊತ್ತಿಗೆ ಸರಿಯಾಗಿ ತಲೆ ಹಿಡಿದುಕೊಂಡು ಕೂತವಳೂ ನಾನೇ. ಪಾಪ, ಅವರು ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ ಬಂದು, ಹಾಸ್ಯದ ಪ್ರಸಂಗಗಳನ್ನು ನನಗೆ ಹೇಳಲು ಹೋಗಿ, ಹೇಳುವುದಕ್ಕಿಂತ ಹೆಚ್ಚು ತಾವೇ ನಕ್ಕರು. ನಾನು ಮೂರು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮುಂಡರಗಿಯ ಮದುವೆಯದು ಇನ್ನೊಂದು ಕಥೆ. ಅವತ್ತು ಬೀಗ ಹಾಕಿ ಓಣಿಯ ತುದಿಯವರೆಗೂ ಹೋಗಿದ್ದೆ, ನನ್ನ ಮಟ್ಟಿಗೆ ಅದೇ ದೊಡ್ಡ ಸಾಧನೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಅನುಮಾನ ಬಂದು ಹಿಂದಿರುಗಿದೆ. ಬಂದ್ ಆಗಿತ್ತು. ಹೇಗೂ ಮನೆಯೊಳಗೆ ಬಂದಿದ್ದೇನೆ, ಒಂದು ಕಪ್ಪು ಚಹಾ ಕುಡಿದೇ ಹೋದರಾಯಿತು ಎಂದು ಮತ್ತೆ ಗ್ಯಾಸ್ ಹಚ್ಚಿದೆ. ಚಹಾ ಕುದಿಯುವುದರೊಳಗೆ ಮುಂಡರಗಿಯ ಬಸ್ಸು ಹೋಗಿತ್ತು. ಮುಂದಿನ ಬಸ್ಸು ಅರ್ಧ ತಾಸಿಗೇ ಇತ್ತು ಎಂಬುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಇಷ್ಟು ಪೀಠಿಕೆ ಸಾಕು. ಇನ್ನು ನೀಲವ್ವನ ಮಾತು. ನೀಲವ್ವ ನನ್ನ ಬಾಲ್ಯದ ಗೆಳತಿ. ಕುರ್ತಕೋಟಿಯ ಶಾಲೆಯಲ್ಲಿ ಒಂದೇ ಪಾಟಿಯ ಮೇಲೆ ಇಬ್ಬರೂ ಬರೆದವರು. ಈಗ ಹೊಂಬಳದಲ್ಲಿ ಹೊಲಮನೆ ನೋಡಿಕೊಂಡು ಇದ್ದಾಳೆ. ಒಬ್ಬನೇ ಮಗ, ಪಿಯುಸಿ ಓದುತ್ತಿದ್ದಾನೆ. ಅವಳು ಪ್ರತಿ ವರ್ಷ ಹೊಲದ ಒಂದು ಮೂಲೆಯಲ್ಲಿ ಸೀತನಿಗೆಂದೇ ನಾಲ್ಕು ಸಾಲು ಜೋಳ ಬಿತ್ತುತ್ತಾಳೆ. ಕಾಳಿನಲ್ಲಿ ಇನ್ನೂ ಹಾಲಿರುವಾಗ ತೆನೆ ಮುರಿದು, ಕುಳ್ಳಿನ, ಅಂದರೆ ಬೆರಣಿಯ, ಕೆಂಡದಲ್ಲಿ ಸುಟ್ಟು, ಅಂಗೈ ಸುಡುವಾಗಲೇ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿ, ಬೆಲ್ಲ, ಕೆನೆಮೊಸರಿನ ಜೊತೆ ತಿನ್ನುವುದೇ ಸೀತನಿ. ಬರೆಯುವಾಗಲೇ ಬಾಯಲ್ಲಿ ನೀರು ಬರುತ್ತಿದೆ. ಆದರೆ ಇದಕ್ಕೊಂದು ಹಟವಿದೆ. ಹೊಲದಲ್ಲೇ ಕೂತು ತಿನ್ನಬೇಕು. ಮನೆಗೆ ತಂದಿರೋ, ಕಾಳು ಬಿರುಸಾಗಿ ದವಡೆ ನೋಯುತ್ತದೆ. ಫೋನು ಒತ್ತಿದರೆ ಏನೆಲ್ಲ ಮನೆಬಾಗಿಲಿಗೆ ಬರುವ ಈ ಕಾಲದಲ್ಲೂ, ಬೇಕಾದರೆ ನೀನೇ ಬಾ ಎನ್ನುವ ತಿನಿಸು ಅದು.

ನೀಲವ್ವ ಕರೆಯುತ್ತಲೇ ಇದ್ದಳು, ನಾನು ತಪ್ಪಿಸುತ್ತಲೇ ಇದ್ದೆ. ಮೊದಲ ವರ್ಷ ಜ್ವರ ಅಂದೆ. ಎರಡನೆಯ ವರ್ಷ ಗಣತಿ ಕೆಲಸ ಹಚ್ಚಿದ್ದಾರೆ ಅಂದೆ. ಶಿಕ್ಷಕರು ಈ ಮಾತು ಹೇಳಿದರೆ ಯಾರೂ ಅನುಮಾನಿಸುವುದಿಲ್ಲ. ಮೂರನೆಯ ವರ್ಷ, ಇವತ್ತು ನಳ ಬರ್ತಾವ ಅಂದೆ. ನಳದ ನೀರು ಬರುವ ದಿನ ಕೊಡ ಬಿಂದಿಗೆ ಬಿಟ್ಟು ಹೊಲಕ್ಕೆ ಹೋದ ಹೆಣ್ಣುಮಗಳನ್ನು ನಮ್ಮ ಓಣಿಯಲ್ಲಿ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀಲವ್ವ ಮೂರು ಸಲವೂ ಆತು ಬಿಡು ಅಂದಿದ್ದಳು, ಅಷ್ಟೆ.

ಈ ವರ್ಷವೂ ಹದಿನೈದು ದಿನ ಮೊದಲೇ ನನ್ನಿಂದ ಹೂಂ ಅನ್ನಿಸಿಕೊಂಡಿದ್ದವಳು ಶನಿವಾರ ಮತ್ತೆ ಫೋನು ಮಾಡಿದಳು. ನಾಳೆ ರವಿವಾರ, ತೆನೆ ಹದಕ್ಕೆ ಬಂದಿವೆ, ಬಾ ಅಂದಳು. ಹದಿನೈದು ದಿನದ ಹಿಂದೆ ಹೂಂ ಅಂದವಳ ಪತ್ತೆಯೇ ಇರಲಿಲ್ಲ. ನೈಟಿಯಲ್ಲಿದ್ದವಳೇ ಫೋನು ಎತ್ತಿದ್ದಳು. ಜ್ವರ, ಗಣತಿ, ನಳ ಮೂರೂ ಖರ್ಚಾಗಿದ್ದವು. ತಡವರಿಸದೆ ಬ್ರಹ್ಮಾಸ್ತ್ರ ಬಿಟ್ಟೆ. ಲಕ್ಷ್ಮೇಶ್ವರದಿಂದ ಬೀಗರು ಬಂದಾರ ಅಂದೆ. ಮಗಳನ್ನು ಕೊಟ್ಟ ಮನೆಯವರು ಬಂದು ಕೂತ ಮೇಲೆ ಮನೆಯಾಕೆ ಹೊರಗೆ ಹೋಗುವ ಮಾತೇ ಇಲ್ಲ ನೋಡಿ. ಹೋಳಿಗೆ ಆಗಬೇಕು, ಉಪಚಾರ ಆಗಬೇಕು. ಇದಕ್ಕೆ ಎದುರು ಮಾತು ಇಲ್ಲ ಎಂದೇ ತಿಳಿದಿದ್ದೆ.

"ಛಲೋ ಆತು. ಅವರನ್ನೂ ಕರಕೊಂಡ ಬಾ," ಅಂದಳು ನೀಲವ್ವ. ಆಮೇಲೆ ದನಿ ಏರಿಸದೆ, "ಈ ವರ್ಷನೂ ಬರಲಿಲ್ಲಂದ್ರ ಇನ್ನ ಮ್ಯಾಲೆ ನಾ ಕರಿಯಾಂಗಿಲ್ಲ ಸುಶೀ," ಎಂದು ಫೋನು ಇಟ್ಟಳು.

ಸಿಟ್ಟು ಮಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಸಿಟ್ಟೇ ಮಾಡಲಿಲ್ಲ, ಅದೇ ನನಗೆ ಹೆದರಿಕೆಯಾಯಿತು. ನನ್ನನ್ನು ಸುಶೀ ಎಂದು ಕರೆಯುವವರು ಈಗ ಈ ಭೂಮಿಯ ಮೇಲೆ ಅವಳೊಬ್ಬಳೇ. ಅದೂ ನಿಂತುಹೋದರೆ? ಒಟ್ಟಿನಲ್ಲಿ ನಾಳೆ ಬೆಳಿಗ್ಗೆಯೊಳಗೆ ನನಗೆ ಬೀಗರು ಬೇಕಾಗಿದ್ದರು. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು.

ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿದೆ. ಬೀಗತಿ ಗಿರಿಜಕ್ಕ, ಅಂದರೆ ನನ್ನ ಮಗಳ ಅತ್ತೆ, ಗದಗಿಗೆ ಬರ್ರಿ ಎಂದ ಕೂಡಲೇ ಮೊಣಕಾಲು ನೋವು ಶುರುಮಾಡಿದರು. ಆ ನೋವಿನ ದನಿ ನನಗೆ ಹೊಸದಲ್ಲ. ನಾನೂ ಅದೇ ದನಿಯಲ್ಲಿ ನರಳುವವಳು. ಬೇರೆ ದಾರಿಯಿಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಬೀಗತಿಯ ಮುಂದೆ ನಾನು ಸುಳ್ಳುಗಾತಿ ಎಂದು ತಾನೇ ಒಪ್ಪಿಕೊಂಡವಳು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಗಿರಿಜಕ್ಕ ನಗಲೂ ಇಲ್ಲ, ಬೈಯಲೂ ಇಲ್ಲ. ಬರ್ತೀನಿ ಬಿಡ್ರಿ ಅಕ್ಕೋರ, ನಿಮ್ಮ ಉಪಕಾರ ನನ್ನ ಮ್ಯಾಲೆ ಭಾಳ ಐತಿ ಅಂದರು. ನಾನು ಅವರಿಗೆ ಮಾಡಿದ ಉಪಕಾರ ಯಾವುದೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ರವಿವಾರ ಬೆಳಿಗ್ಗೆ ಗಿರಿಜಕ್ಕ ನಿಜವಾಗಿಯೂ ಬಂದಿಳಿದರು, ಮೊಣಕಾಲು ಸಮೇತ. ನಮ್ಮವರು ನನ್ನನ್ನು ಹೊರಗೆ ಬಿಟ್ಟು ತಾವೇ ಬೀಗ ಹಾಕಿ, ಕೀಲಿಕೈ ತಮ್ಮ ಜೇಬಿಗೆ ಇಳಿಸಿ, ತಾವೂ ನಮ್ಮ ಜೊತೆ ಹೊರಟರು. ಗ್ಯಾಸ್ ಎಂದು ಬಾಯಿ ತೆರೆದೆ. ನಾ ನೋಡೀನಿ ಅಂದರು. ಹೊಂಬಳದ ಬಸ್‌ಸ್ಟ್ಯಾಂಡಿನಲ್ಲಿ ನೀಲವ್ವ ನಿಂತಿದ್ದಳು. ನಾನು ಇಳಿದಿದ್ದನ್ನು ನೋಡಲಿಲ್ಲ, ನನ್ನ ಹಿಂದೆ ಇಳಿದ ಬೀಗತಿಯನ್ನೇ ಅಡಿಯಿಂದ ಮುಡಿಯವರೆಗೆ ನೋಡಿದಳು. ಬರ್ರಿ, ಬರ್ರಿ ಎಂದು ಅವರ ಕೈಚೀಲ ಇಸಿದುಕೊಂಡಳು. ಅವಳ ತುಟಿಯ ಮೂಲೆಯಲ್ಲಿ ಏನೋ ಕಂಡ ಹಾಗಾಯಿತು, ನಾನು ಗಮನ ಕೊಡಲಿಲ್ಲ.

ಹೊಲದ ಮಾತು ಏನು ಹೇಳಲಿ! ಎಳೆಬಿಸಿಲು, ಪಕ್ಕದ ಕಡಲೆ ಹೊಲದ ಹುಳಿ ಗಾಳಿ, ಕುಳ್ಳಿನ ಹೊಗೆ. ಮೊದಲ ಹಿಡಿ ಬಾಯಿಗೆ ಹಾಕಿದಾಗ, ಮೂರು ವರ್ಷ ನಾನು ಎಂಥ ದಡ್ಡಿಯಾಗಿದ್ದೆ ಎಂದು ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸಿತು. ಬಂದ ಮೇಲೆ ಪ್ರತಿ ಸಲವೂ ಹೀಗೇ ಅನ್ನಿಸುತ್ತದೆ, ಬರುವ ಮೊದಲು ಒಂದು ಸಲವೂ ಅನ್ನಿಸುವುದಿಲ್ಲ. ಗಿರಿಜಕ್ಕ ಮೊಣಕಾಲು ಮರೆತು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಹೊಟ್ಟೆ ತುಂಬಿದ ಹಾಗೆ ಅವರ ಬಾಯಿಯೂ ಸಡಿಲಾಯಿತು.

"ಅಕ್ಕೋರ, ನಿಮಗ ಒಂದ ಮಾತ ಹೇಳಿಲ್ಲ ನಾ," ಅಂದರು. "ನಮ್ಮ ಓಣಿ ಹೆಣಮಕ್ಕಳು ಶಿರಹಟ್ಟಿಗೆ ಹೋಗೂಣು, ಅಲ್ಲಿಗೆ ಹೋಗೂಣು ಅಂತ ಗಂಟ ಬೀಳ್ತಾರ. ನನಗ ಮನಿ ಬಿಟ್ಟ ಹೊರಡೂದಂದ್ರ ಮನಸ ಬರಂಗಿಲ್ಲ. ಗದಗಿಂದ ಬೀಗರು ಬಂದಾರ ಅಂತ ಹೇಳಿಬಿಡ್ತೀನಿ. ದೀಪಾವಳಿ ಆದಿಂದ ನೀವು ನಮ್ಮ ಮನಿಗೆ ನಾಲ್ಕ ಸಲ ಬಂದ ಹೋಗೀರಿ ನೋಡ್ರಿ."

ನನಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಕಾಳು ನೆತ್ತಿಗೇರಿತು. ನಮ್ಮವರು ಬೆನ್ನು ತಟ್ಟಿದರು. ಕೆಮ್ಮುತ್ತ, ನಗುತ್ತ, ನಾ ನಿಮ್ಮ ಹೆಸರ ಹೇಳಿದ್ದು ಇದ ಮೊದಲನೇ ಸಲರಿ ಅಂದುಬಿಟ್ಟೆ. ಅಂದ ಮೇಲೆ ನೀಲವ್ವನ ನೆನಪಾಯಿತು. ಅವಳು ಎರಡು ಮಾರು ದೂರದಲ್ಲೇ ಕೂತು ತೆನೆ ಹೊರಳಿಸುತ್ತಿದ್ದಳು.

"ನನಗ ಗೊತ್ತಿತ್ತು," ಅಂದಳು, ಕೆಂಡದಿಂದ ಕಣ್ಣು ತೆಗೆಯದೆ. "ಜ್ವರ ಅಂದಿದ್ದ್ಯಲ್ಲ, ಆ ವರ್ಷ ಡಬ್ಬ್ಯಾಗ ಬಿಸಿ ಸೀತನಿ ಹಾಕ್ಕೊಂಡ ನಿಮ್ಮ ಮನಿತನಕ ಬಂದಿದ್ದೆ. ಓಣಿ ತುದಿಗೇ ನಿನ್ನ ದನಿ ಕೇಳ್ತು. ಸಿವುಡು ಸಣ್ಣದಾತು ಅಂತ ಮೆಂತ್ಯಪಲ್ಲೆ ಮಾರಾಕಿ ಜೋಡಿ ಜಗಳಾಡಾಕತ್ತಿದ್ದಿ. ಅಲ್ಲಿಂದನ ಹೊಳ್ಳಿ ಬಂದೆ."

ಡಬ್ಬಿ ಏನು ಮಾಡಿದಿ ಎಂದು ಕೇಳಿದೆ.

"ಬಸ್ಸಿನ್ಯಾಗ ಕುಂತ ನಾನ ತಿಂದೆ. ಆರಿತ್ತು."

ನಾಚಿಕೆ ಎಂದರೆ ಏನೆಂದು ಅವತ್ತು ತಿಳಿಯಿತು. ಮೂವತ್ತು ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸುವ ಅಕ್ಕೋರು ಹೊಲದ ಮಣ್ಣು ನೋಡುತ್ತ ಕೂತೆ. ನೀಲವ್ವ ಎದ್ದು ಬಂದು ನನ್ನ ಅಂಗೈ ಬಿಡಿಸಿ ಬಿಸಿ ಕಾಳು ಸುರಿದಳು. ಸುಟ್ಟಿತು, ಕೈ ಹಿಂದಕ್ಕೆ ತೆಗೆಯಲಿಲ್ಲ. ಬೀಗರು ಬಂದಿಲ್ಲಂತ ತಿಳದ ಅವರನ್ನೂ ಕರಕೊಂಡ ಬಾ ಅಂದಿದ್ದೆ ಎಂದು ಅವಳು ಹೇಳಿದಾಗ ಗಿರಿಜಕ್ಕ ಎಲ್ಲರಿಗಿಂತ ಜೋರಾಗಿ ನಕ್ಕರು. ಮುಂದಿನ ರವಿವಾರ ನೀ ನಮ್ಮ ಮನಿಗೆ ಊಟಕ್ಕ ಬಾ, ಹೋಳಿಗಿ ಮಾಡ್ತೀನಿ ಅಂದೆ. ನನ್ನ ಮಾತು ಮುಗಿಯುವ ಮೊದಲೇ ನೀಲವ್ವ ಹೂಂ ಅಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ರವಿವಾರ ಎದ್ದವಳೇ ಕಡಲೆಬೇಳೆ ಕುದಿಯಲು ಇಟ್ಟೆ. ಹತ್ತು ಗಂಟೆಗೆ ಕೊನೆಯ ಹೋಳಿಗೆ ತವೆಯ ಮೇಲಿರುವಾಗ ಫೋನು ಬಂತು.

"ಬರಾಕ ಆಗಾಂಗಿಲ್ಲ ಸುಶೀ," ಅಂದಳು. "ಬೀಗರು ಬಂದಾರ."

ಪಿಯುಸಿ ಓದುವ ಮಗನ ಮನೆಗೆ ಬೀಗರು! ಮೈಯೆಲ್ಲ ಉರಿಯಿತು. ತವೆಯ ಮೇಲಿನ ಹೋಳಿಗೆ ಇಳಿಸಿದೆ, ಆಮೇಲೆ ನಗು ಬಂತು. ತಿರುಗಿ ಫೋನು ಹಚ್ಚಿ, ಹಾಗಾದರೆ ಬೀಗರಿಗೂ ಹೋಳಿಗೆ ತರುತ್ತೇನೆಂದು ಹೇಳಿ, ಡಬ್ಬಿ ತುಂಬಿ, ಸೀರೆ ಉಟ್ಟು, ಗ್ಯಾಸಿನ ಕಡೆ ಹೊರಳಿಯೂ ನೋಡದೆ ಹೊರಬಿದ್ದೆ. ಬಸ್ಸು ಊರು ದಾಟುವಾಗ ನಮ್ಮವರ ಫೋನು. ಹದಿನೈದು ದಿನದ ಮೇಲೆ ನಳ ಬಂದಾವ, ಏನ ಮಾಡ್ಲಿ ಎಂದು ಕೇಳಿದರು. ನೀವ ತುಂಬ್ರಿ ಅಂದೆ, ಬಾಯಿಂದ ಅಂದೆ ಅಷ್ಟೆ. ಸುಳ್ಳೇಕೆ ಹೇಳಲಿ, ಬಸ್ಸು ನಿಲ್ಲಿಸಿ ಇಳಿದುಬಿಡಲೇ ಎಂದು ಕಣ್ಣು ಆಗಲೇ ಕಂಡಕ್ಟರನ ಸೀಟಿಯ ಕಡೆ ಹೋಗಿತ್ತು. ತೊಡೆಯ ಮೇಲೆ ಡಬ್ಬಿ ಇನ್ನೂ ಬಿಸಿಯಾಗಿತ್ತು. ಇಳಿದರೆ ಅಷ್ಟೂ ಹೋಳಿಗೆಯನ್ನು ಹಿಂದಿರುಗುವ ಬಸ್ಸಿನಲ್ಲಿ ಒಬ್ಬಳೇ ಕೂತು ತಿನ್ನಬೇಕು, ಅದೂ ಆರಿದ ಮೇಲೆ. ಡಬ್ಬಿಗೆ ಸೆರಗು ಹೊದಿಸಿಕೊಂಡು ಗಟ್ಟಿಯಾಗಿ ಕೂತೆ.