ಅಕ್ಕಿಕಾಳು ಬೀಳುವ ಫೈಲು

ಮದುವೆ ಮಾಡಿದ ಮಂದಿ ಮದುವೆ ಮುಗಿದ ಮೇಲೂ ವಿಡಿಯೋದವನನ್ನು ಬಿಡುವುದಿಲ್ಲ. ನಾನು ಬೈಲಹೊಂಗಲದಲ್ಲಿ ಶೂಟಿಂಗ್ ಅಂಗಡಿ ಇಟ್ಟ ದಿನದಿಂದ ಇದು ನಡೆದೇ ಇದೆ. ಕ್ಯಾಸೆಟ್ ಕಾಲದಲ್ಲಿ ವಾಸಿ ಇತ್ತು, ಒಯ್ದು ಕಪಾಟಿನಲ್ಲಿಟ್ಟು ಮರೆಯುತ್ತಿದ್ದರು. ಎಚ್‌ಡಿ ಕ್ಯಾಮೆರಾ ಬಂದು ಮದುವೆ ಎಂಬುದು ಫೈಲುಗಳ ರಾಶಿಯಾದ ಮೇಲೆ ಊರಲ್ಲಿ ಎಲ್ಲರೂ ಎಂಜಿನಿಯರುಗಳೇ. ಎಲ್ಲರದನ್ನೂ ಹೇಳಿದರೆ ನನ್ನ ಬಿಪಿ ಏರುತ್ತದೆ. ಸವದತ್ತಿಯ ಒಬ್ಬ ಮಾಸ್ತರರದನ್ನಷ್ಟೇ ಹೇಳುತ್ತೇನೆ.

ಅವರು ರಿಟೈರಾದ ಗಣಿತ ಮಾಸ್ತರರು. ಮಗಳ ಮದುವೆಗೆ ನಾಲ್ಕು ದಿನ ಇರುವಾಗ ರಾಮದುರ್ಗದಲ್ಲಿ ಅವರ ಅತ್ತೆ ಬಚ್ಚಲದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮದುಮಗಳನ್ನು ಸಣ್ಣಂದಿನಿಂದ ಸಾಕಿದ ಅಜ್ಜಿ ಆಕೆ. "ಮುಹೂರ್ತ ಮುಂದಕ ಹಾಕ್ರಿ" ಎಂದರು. ಪತ್ರಿಕೆ ಹಂಚಿಯಾಗಿತ್ತು, ಮಾಸ್ತರರು ಹಾಕಲಿಲ್ಲ. ಅಜ್ಜಿ ಅಳಿಯನ ಸಂಗಡ ಮಾತು ಬಿಟ್ಟರು. ತಮ್ಮ ಮಗಳ, ಅಂದರೆ ಮಾಸ್ತರರ ಹೆಂಡತಿಯ ಮುಂದೆ ಮಾತ್ರ ಹೇಳಿದರು: "ಅಕ್ಕಿಕಾಳು ಬೀಳೋದನ್ನ ನನ್ನ ಕಣ್ಣಿಲೆ ನೋಡೂಮಟಾ ನನ್ನ ಪಾಲಿಗೆ ಮದವಿ ಆಗಿಲ್ಲ. ಗಂಡ ಹೆಂಡ್ತಿ ಅಂತ ಆ ಇಬ್ಬರನ್ನೂ ನನ್ನ ಮುಂದ ಕರಕೊಂಡ ಬರಬ್ಯಾಡ್ರಿ."

ಅಕ್ಷತೆಯ ಆ ಒಂದು ಗಳಿಗೆಯನ್ನು ಹೇಗಾದರೂ ಅತ್ತೆಗೆ ತೋರಿಸಬೇಕು ಎಂದು ಮಾಸ್ತರರು ಬಂದು ನನ್ನ ತಲೆಯ ಮೇಲೆ ಕೂತರು.

ಉಗುರು ಮತ್ತು ಬೆರಳು

ಮದುವೆಯ ಮರುದಿನ ನಾನು ಶಟರ್ ಎತ್ತುವ ಮೊದಲೇ ಮಾಸ್ತರರು ಅಂಗಡಿ ಮೆಟ್ಟಿಲ ಮೇಲಿದ್ದರು.

"ಎಡಿಟಿಂಗ್ ಗಿಡಿಟಿಂಗ್ ಆಮ್ಯಾಲ ಮಾಡ್ರಿ. ಇದ್ದದ್ದು ಇದ್ದಂಗ ಇದರಾಗ ಹಾಕಿ ಕೊಡ್ರಿ" ಎಂದು ಪೆನ್ ಡ್ರೈವ್ ಚಾಚಿದರು. ಹಚ್ಚಿ ನೋಡಿದೆ. ಎಂಟು ಜಿಬಿ. ಅದರಲ್ಲಿ ಅರ್ಧ ಭಜನೆ ಪದಗಳು.

"ಸರ್, ನಿಮ್ಮ ಮದವಿ ಅರವತ್ತ ಜಿಬಿ ಆಗೇತ್ರಿ. ಇದರಾಗ ಹಿಡಿಯಂಗಿಲ್ರಿ."

"ಈಗ ಅದು ಯಾದರಾಗ ಹಿಡದೈತಿ, ತೋರಸ್ರಿ."

ಕ್ಯಾಮೆರಾದ ಕಾರ್ಡು ತೆಗೆದು ತೋರಿಸಿದೆ. ಅದನ್ನೂ ಪೆನ್ ಡ್ರೈವನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಉಗುರಿನಷ್ಟ ಕಾರ್ಡಿನ್ಯಾಗ ಹಿಡದದ್ದು ಬೆರಳಿನಷ್ಟ ಪೆನ್ ಡ್ರೈವಿನ್ಯಾಗ ಹಿಡಿಯಂಗಿಲ್ಲಾ? ಯಾವ ಸಾಲ್ಯಾಗ ಕಲ್ತೀರಿ ನೀವು?"

ಐದು ಸೊನ್ನೆ

ಬೈಸಿಕೊಂಡೇ ಹಾರ್ಡ್ ಡಿಸ್ಕ್ ತರಿಸಿ ಎಲ್ಲ ಫೈಲು ತುಂಬಿಕೊಟ್ಟೆ. ಕ್ಯಾಮೆರಾ ತನ್ನ ಫೈಲುಗಳಿಗೆ ಹೆಸರಿಡುವುದಿಲ್ಲ, ನಂಬರು ಹಾಕುತ್ತದೆ. ಮೊದಲನೆಯದಕ್ಕೆ ಬರೇ ಐದು ಸೊನ್ನೆ, ಮುಂದಿನದಕ್ಕೆ ನಾಲ್ಕು ಸೊನ್ನೆ ಒಂದು, ಹೀಗೆ. "ಯಾವದಕ್ಕೂ ಕೈ ಹಚ್ಚಬ್ಯಾಡ್ರಿ ಸರ್" ಎಂದು ಎರಡು ಸಲ ಹೇಳಿದ್ದೆ.

ಮೂರನೇ ದಿನ ಫೋನು. "ನೀವು ಅರಿಷಿಣಾ ಶೂಟಿಂಗ್ ಮಾಡೇ ಇಲ್ಲ! ನಮ್ಮ ಮನಿಯಾಕಿ ಒಲಿ ಹಚ್ಚವಲ್ಲಳು!"

ನನ್ನ ಕಂಪ್ಯೂಟರಿನಲ್ಲಿ ಹುಡುಕಿದರೆ ಅರಿಷಿಣ ಮೊದಲನೇ ಫೈಲಿನಲ್ಲೇ ಆರಾಮಾಗಿ ಕುಳಿತಿದೆ.

"ಸರ್, ಐದು ಸೊನ್ನಿ ಅಂತ ಒಂದ ಫೈಲ್ ಇತ್ತಲ್ರಿ?"

"ಇತ್ತು. ಅಳಿಸಿದೆ."

"ಯಾಕ್ರಿ?"

"ಮೂವತ್ತೆರಡ ವರ್ಷ ಗಣಿತ ಕಲಿಸೇನಿ. ಒಂದ ಸೊನ್ನಿ ಇದ್ದಿದ್ರ ಅನುಮಾನ ಪಡತಿದ್ದೆ. ಐದ ಸೊನ್ನಿ ಅಂದ ಮ್ಯಾಲ ಅದರಾಗ ಏನ ಇರತೈತ್ರಿ?"

ದೊಡ್ಡವು ಎರಡು, ಸಣ್ಣದೊಂದು

ನನ್ನ ಕ್ಯಾಮೆರಾಕ್ಕೆ ಇನ್ನೊಂದು ಚಾಳಿ ಇದೆ. ನಿಲ್ಲಿಸದೆ ಬಹಳ ಹೊತ್ತು ತೆಗೆದರೆ ಅದು ಒಂದು ಅಳತೆಗೆ ಬಂದ ಕೂಡಲೇ ಫೈಲನ್ನು ತಾನೇ ಕತ್ತರಿಸಿ ಮುಂದಿನ ಫೈಲು ಶುರು ಮಾಡುತ್ತದೆ. ಮಂಗಳಾಷ್ಟಕ ಹೀಗೆ ಮೂರು ತುಂಡಾಗಿತ್ತು. ಎರಡು ದೊಡ್ಡವು, ಸರಿಸಮ. ಕೊನೆಯದು ಸಣ್ಣದು. ಮೂರನ್ನೂ ಒಂದರ ಹಿಂದೆ ಒಂದು ಹಚ್ಚಿ ತೋರಿಸಿರೆಂದು ಹೇಳಿದೆ. ಮಾಸ್ತರರು ತಲೆಯಾಡಿಸಿದರು. ಅವರು ತಲೆಯಾಡಿಸಿದಾಗಲೇ ನಾನು ಹೆದರಬೇಕಿತ್ತು.

ಲ್ಯಾಪ್‌ಟಾಪ್ ಹಿಡಿದು ಹೆಂಡತಿಯ ಸಂಗಡ ರಾಮದುರ್ಗಕ್ಕೆ ಹೋದರು. ಅಜ್ಜಿ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತರು, ಅಕ್ಕಪಕ್ಕದ ಹೆಣ್ಣುಮಕ್ಕಳೂ ಬಂದು ಕುಳಿತರು. ಪರದೆಯಲ್ಲಿ ಮಂತ್ರ ಹೇಳುತ್ತಿದ್ದ ಐನೋರು "ಸಾವಧಾನ" ಎಂದರು. ಮಂಟಪದ ಮಂದಿಯೆಲ್ಲ ಅಕ್ಕಿಕಾಳು ಹಿಡಿದು ಕೈ ಎತ್ತಿದರು. ಪರದೆ ಕಪ್ಪಾಯಿತು.

ಅಜ್ಜಿ ಮಗಳತ್ತ ಹೊರಳಿ ಕೇಳಿದರಂತೆ: "ಯಾಕ ನಿಂತ್ರವ್ವಾ? ಯಾರರ ಬ್ಯಾಡ ಅಂದ್ರೇನು?"

ಮಾಸ್ತರರು ಇದನ್ನು ನನ್ನ ಅಂಗಡಿಯಲ್ಲಿ ತಲೆ ಹಿಡಿದುಕೊಂಡು ಕುಳಿತು ಹೇಳಿದರು.

"ಮೂರನೇ ಫೈಲ್ ಒಯ್ದಿರಲಿಲ್ಲೇನ್ರಿ?" ಎಂದೆ.

"ಅದು ಸಣ್ಣದಿತ್ತರಿ. ಭಾಗಲಬ್ಧ ತಗೊಂಡೆ, ಶೇಷ ಬಿಟ್ಟೆ."

ಹಾಲು ಉಕ್ಕಿದ್ದು

ಮತ್ತೆ ರಾಮದುರ್ಗಕ್ಕೆ ಹೋಗುವ ಧೈರ್ಯ ಅವರಿಗೆ ಉಳಿದಿರಲಿಲ್ಲ. ಆ ಸಣ್ಣ ಫೈಲನ್ನು ಮೊಬೈಲಿನಲ್ಲಿ ಕಳಿಸಲು ಕುಳಿತರು. ಮೊಬೈಲು ಇಷ್ಟು ಭಾರ ಹೊರಲಾರೆ ಎಂದಿತು. ನನಗೆ ಒಂದು ಫೋನು ಮಾಡಿದ್ದರೆ ಸಣ್ಣದು ಮಾಡಿ ಕೊಡುತ್ತಿದ್ದೆ. ಮಾಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಫೈಲು ಹಚ್ಚಿ, ಕಿಟಕಿಗೆ ಬೆನ್ನು ಕೊಟ್ಟು ನಿಂತು, ಪರದೆಯನ್ನೇ ಮೊಬೈಲಿನಿಂದ ಶೂಟಿಂಗ್ ಮಾಡಿ ಅತ್ತೆಗೆ ಕಳಿಸಿದರು.

ಆಮೇಲೆ ನನಗೂ ಕಳಿಸಿದರು. ನೋಡಿದೆ. ಪರದೆಯ ತುಂಬ ಮಾಸ್ತರರ ಬೋಳುತಲೆಯ ನೆರಳು, ಅದರ ಹಿಂದೆ ಎಲ್ಲೋ ಮದುಮಕ್ಕಳು. ನಡುವೆ ಅವರ ಮನೆಯಾಕೆಯ ದನಿ: "ಹಾಲ ಉಕ್ಕಾಕತ್ತಾವು, ಬಂದ ಇಳಸ್ರಿ!" ಅಲ್ಲಿಂದ ಮುಂದೆ ಬರೇ ಅಡುಗೆ ಮನೆಯ ನೆಲ.

ಸಂಜೆ ಅಜ್ಜಿ ಮಗಳಿಗೆ ಫೋನು ಮಾಡಿದರು. "ಅಕ್ಕಿಕಾಳು ಎಲ್ಲಾ ನಿನ್ನ ಗಂಡನ ತಲಿಮ್ಯಾಲೆ ಬಿದ್ದಾವಲ್ಲವಾ. ಮದವಿ ಯಾರದು?"

ರಾಮದುರ್ಗದ ಮುಹೂರ್ತ

"ಇನ್ನ ಆ ಕ್ಯಾಮೆರಾದಾಂವನ್ನ ಕಳಸ್ರಿ" ಎಂದು ಅಜ್ಜಿಯ ಅಪ್ಪಣೆಯಾಯಿತು. ಎರಡು ಆರ್ಡರು ಬಿಟ್ಟು, ಲ್ಯಾಪ್‌ಟಾಪು ಕೇಬಲ್ಲು ಹೊತ್ತು, ಸವದತ್ತಿಯಲ್ಲಿ ಮಾಸ್ತರ ದಂಪತಿಯನ್ನು ಹತ್ತಿಸಿಕೊಂಡು ಹೋದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಅಜ್ಜಿಯ ಟಿವಿಗೆ ಕೇಬಲ್ಲು ಹಚ್ಚಿ, ಮೂರೂ ತುಂಡು ಕೂಡಿಸಿಟ್ಟಿದ್ದನ್ನು ಶುರು ಮಾಡಿದೆ.

ಐನೋರು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, "ತಮ್ಮಾ, ನಿಲ್ಲಸು" ಎಂದರು. ನಿಲ್ಲಿಸಿದೆ.

"ಕುಂತ ಯಾರರ ಅಕ್ಕಿಕಾಳು ಹಾಕ್ತಾರೇನು? ಎಲ್ಲಾರೂ ನಿಂದರ್ರಿ. ಚಪ್ಪಲಿ ಹೊರಗ ಬಿಡ್ರಿ."

ನಿಂತೆವು. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಅರಿಷಿಣ ಕಲಸಿದ ಅಕ್ಕಿಯನ್ನು ನಮ್ಮೆಲ್ಲರ ಕೈಗೂ ಹಾಕಿಸಿದರು. "ಹೂಂ, ಈಗ ಹಚ್ಚು."

ಈ ಸಲ ಏನೂ ನಿಲ್ಲಲಿಲ್ಲ. ವಾಲಗ ಏರಿತು, ಮಂಟಪದಲ್ಲಿ ಅಕ್ಕಿ ಬಿತ್ತು, ಅಜ್ಜಿ ಮಂಚದಿಂದಲೇ ಬೀಸಿ ಟಿವಿಯ ಮೇಲೆ ಎಸೆದರು. ನಾವೂ ಎಸೆದೆವು. ಒಂದೊಂದು ಕಾಳೂ ಕಾಣುವಷ್ಟು ಚೊಕ್ಕ ಚಿತ್ರ; ಮೊಮ್ಮಗಳ ಮುಖ ನೋಡಿ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತರು. ಅಷ್ಟೆಲ್ಲ ಸಿಟ್ಟು ಹೊತ್ತು ಹೋದ ನಾನೂ ಕೈಯಲ್ಲಿ ಉಳಿದ ನಾಲ್ಕು ಕಾಳನ್ನು ಇನ್ನೊಮ್ಮೆ ಎಸೆದೆ, ಸುಳ್ಳು ಹೇಳುವುದಿಲ್ಲ. ಕಣ್ಣೊರೆಸಿಕೊಂಡು ಅಜ್ಜಿ ಎಷ್ಟೋ ದಿನದ ಮೇಲೆ ಅಳಿಯನ ಕಡೆ ನೋಡಿದರು. "ಈಗ ಆತ ನೋಡ್ರಿ ಮಾಸ್ತರ, ಮದವಿ. ಹುಡುಗೂರನ್ನ ಕರಕೊಂಡ ಬರ್ರಿ." ಮಾಸ್ತರರು ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿದರು.

ಮುಗಿಯಿತಲ್ಲ ಎಂದು ಕೇಬಲ್ಲು ಸುತ್ತತೊಡಗಿದೆ.

"ತಮ್ಮಾ, ನಾ ಅಕ್ಕಿಕಾಳು ಹಾಕಿದ್ದು ಚಂದ ಬಂದೈತೇನು?"

"ಅಜ್ಜಿ, ಕ್ಯಾಮೆರಾ ತಂದಿಲ್ರಿ."

"ಹಂಗಾರ ನಾ ಹಾಕಿದ್ದು ಹುಡುಗಿಗೆ ಹೆಂಗ ಗೊತ್ತಾಗಬೇಕು? ನಾಳೆ ತಗೊಂಡ ಬಾ. ಇನ್ನೊಮ್ಮೆ ಹಾಕತೇನಿ."

ಮರುದಿನ ಮತ್ತೆ ಹೋದೆ. ಅಜ್ಜಿ ಹೊಸ ಇಳಕಲ್ ಸೀರೆ ಉಟ್ಟು ಕಾಯುತ್ತಿದ್ದರು. ಅವರು ಅಕ್ಕಿಕಾಳು ಹಾಕಿದ್ದನ್ನು ತೆಗೆದು, ಆ ಫೈಲನ್ನು ಮಂಟಪದ ಫೈಲಿನ ನಡುವೆ ಸೇರಿಸಿ, ಎಡಿಟಿಂಗ್ ಮುಗಿಸಿ, ಎರಡೂ ಕಡೆಯ ಬೀಗರಿಗೆ ಒಂದೊಂದು ಪ್ರತಿ ಕಳಿಸಿ ಕೈ ತೊಳೆದುಕೊಂಡೆ.

ವಾರ ಕಳೆದಿರಲಿಲ್ಲ, ಎಂ.ಕೆ. ಹುಬ್ಬಳ್ಳಿಯಿಂದ ಗಂಡಿನ ತಂದೆ ಫೋನು ಮಾಡಿದರು. "ವಿಡಿಯೋ ಬೆಸ್ಟ್ ಬಂದೈತ್ರಿ. ಹೆಣ್ಣಿನ ಕಡೆ ಅಜ್ಜಿನ್ನ ಸೈತ ಹಾಕೀರಿ, ಬಾಳ ಚಲೋ ಆತು. ನಮ್ಮ ಕಡ್ಯಾವರೂ ಹದಿನಾರ ಮಂದಿ ಕಬ್ಬಿನ ಹಂಗಾಮು ಅಂತ ಮದವಿಗೆ ಬಂದಿರಲಿಲ್ಲರಿ. ಎಲ್ಲಾರೂ ಟಿವಿ ಮುಂದ ಅಕ್ಕಿಕಾಳು ಹಿಡಕೊಂಡ ನಿಂತಾರ. ಎಷ್ಟೊತ್ತಿಗೆ ಬರತೀರಿ?"