ಕಟ್ಟಿಹಾಕಿದ ಕತ್ತರಿ

ನಿವೃತ್ತಿಯಾದ ಮೇಲೆ ನೆಮ್ಮದಿಯಿಂದ ಬದುಕುವುದು ಹೇಗೆಂದು ಈ ಭೂಮಿಯ ಮೇಲೆ ತನ್ನೊಬ್ಬನಿಗೇ ಗೊತ್ತು ಎಂದು ಗಂಟಣ್ಣ ನಂಬಿದ್ದ. ನಂಬಿ ಸುಮ್ಮನಿದ್ದಿದ್ದರೆ ಯಾರಿಗೇನು ತೊಂದರೆ? ದಿನಾ ಬೆಳಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಅದನ್ನು ಉಪದೇಶ ಬೇರೆ ಮಾಡುತ್ತಿದ್ದ. ಇದ್ದದ್ದರಲ್ಲೇ ಸುಧಾರಿಸುವವನೇ ಸುಖಿ. ಮನೆಯಲ್ಲೊಂದು ಉಂಡೆ ಹುರಿ ಇದ್ದರೆ ಅಂಗಡಿಯವನ ಮುಖವನ್ನೂ ನೋಡಬೇಕಿಲ್ಲ, ರಿಪೇರಿಯವನ ಕಾಲನ್ನೂ ಹಿಡಿಯಬೇಕಿಲ್ಲ. ತನ್ನ ಮನೆಯ ಹೊಸ್ತಿಲನ್ನು ಇನ್ನು ಯಾವ ಮೆಕ್ಯಾನಿಕ್ಕೂ ದಾಟುವುದಿಲ್ಲ. ಕೇಳುತ್ತಿದ್ದ ಮುದುಕರು ತಲೆಯಾಡಿಸುತ್ತಿದ್ದರು. ಎದ್ದು ಹೋಗೋಣವೆಂದರೆ ಪಾಪ, ಅವರಿಗೆಲ್ಲ ಮಂಡಿನೋವು.

ಹುರಿಯ ಈ ಹುಚ್ಚು ಅವನಿಗೆ ಅಂಟಿದ್ದು ಪಾರ್ಸೆಲ್ ಆಫೀಸಿನಲ್ಲಿ. ಪಾರ್ಸೆಲ್ ಕಟ್ಟುವುದೇ ಅವನ ಕೆಲಸ. ಅವನು ಹಾಕಿದ ಗಂಟು ದಾರಿಯಲ್ಲಿ ಬಿಚ್ಚಿಕೊಂಡದ್ದಿಲ್ಲ, ನಿಜ. ಆದರೆ ತಲುಪಿದ ಮೇಲೆ ಬಿಚ್ಚಲು ಹೋದವರ ಉಗುರು ಉಳಿದದ್ದೂ ಇಲ್ಲ. ಗಂಟಣ್ಣ ಎಂಬ ಹೆಸರು ಬಂದದ್ದು ಹಾಗೆ. ಬೀಳ್ಕೊಡುವ ದಿನ ಸಹೋದ್ಯೋಗಿಗಳು ಸೇರಿ ಅವನಿಗೊಂದು ದೊಡ್ಡ ಹುರಿಯ ಉಂಡೆಯನ್ನೇ ಉಡುಗೊರೆ ಕೊಟ್ಟರು. ಅದು ಗೌರವವೋ ಗೇಲಿಯೋ ಎಂಬ ಅನುಮಾನ ಅವನೊಬ್ಬನನ್ನು ಬಿಟ್ಟು ಮಿಕ್ಕೆಲ್ಲರಿಗೂ ಇತ್ತು.

ಆಫೀಸಿನ ಕೌಂಟರಿನಲ್ಲಿ ಪೆನ್ನನ್ನು ದಾರದಿಂದ ಕಟ್ಟಿಹಾಕುವ ಪದ್ಧತಿ. ಬಂದವರು ಜೇಬಿಗಿಳಿಸಿಕೊಂಡು ಹೋಗುತ್ತಾರೆಂಬ ಭಯಕ್ಕೆ ಅದು ಸರಿ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಯಾವ ಕಳ್ಳನ ಭಯ? ಆದರೂ ಗಂಟಣ್ಣ ಕಟ್ಟಿದ. ಅಡುಗೆಮನೆಯ ಚಾಕುವನ್ನು ಕಿಟಕಿಯ ಸರಳಿಗೆ ಕಟ್ಟಿದ. ಬಾಚಣಿಗೆಯನ್ನು ಕನ್ನಡಿಯ ಮೊಳೆಗೆ ಕಟ್ಟಿದ, ಹೆಂಡತಿ ಕುತ್ತಿಗೆ ಸೊಟ್ಟ ಮಾಡಿಕೊಂಡು ತಲೆ ಬಾಚುವುದನ್ನು ಕಲಿತಳು. ಟಾರ್ಚನ್ನು ಮಂಚದ ಕಾಲಿಗೆ ಕಟ್ಟಿದ ಮೇಲೆ ಕರೆಂಟು ಹೋದಾಗಲೆಲ್ಲ ಮಂಚದ ಅಡಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೊನೆಗೆ ಹಜಾರದಲ್ಲಿದ್ದ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಕಾಲಿಗೆ, ಮೇಜಿನ ಉದ್ದಕ್ಕೆ ಸರಿಯಾಗಿ ಅಳೆದು, ಹೆಂಡತಿಯ ದೊಡ್ಡ ಕತ್ತರಿಯನ್ನೂ ಕಟ್ಟಿದ.

ಹೆಂಡತಿ ದರ್ಜಿ. ಹೇಳಿದ ಹೊತ್ತಿಗೆ ಬಟ್ಟೆ ಕೊಡುವವಳು ಎಂದು ಊರಲ್ಲಿ ಅವಳಿಗೊಂದು ಹೆಸರಿತ್ತು, ಆ ಹೆಸರೇ ಅವಳ ಬಂಡವಾಳ. ಗಂಡನ ಈ ಕಟ್ಟುವಿಕೆಯನ್ನು ಅವಳು ಸಹಿಸಿಕೊಂಡಿದ್ದಕ್ಕೆ ಕಾರಣ ಒಂದೇ: ಕೈಗೆ ಕೆಲಸವಿದ್ದಷ್ಟು ಹೊತ್ತು ಅವನ ಬಾಯಿಗೆ ಬಿಡುವಿರುತ್ತಿತ್ತು.

ಹೀಗಿರುವಾಗ ಹೆಡ್ಮಾಸ್ಟರ ಕೋಟು ಬಂತು. ಹೆಡ್ಮಾಸ್ಟರು ಜೀವಮಾನದಲ್ಲಿ ಹೊಲಿಸಿದ ಮೊದಲ ಕೋಟು ಅದು, ಅವರ ಬೀಳ್ಕೊಡುಗೆಯ ಸಮಾರಂಭಕ್ಕೆ. ಸಮಾರಂಭದ ದಿನ ಬೆಳಗ್ಗೆ ಕಾಲರಿನ ಹೊಲಿಗೆ ಅರ್ಧ ಆಗಿತ್ತು, ಬಟನ್ ಹಾಕುವುದು ಬಾಕಿ ಇತ್ತು, ಅಷ್ಟರಲ್ಲಿ ಹೊಲಿಗೆ ಮೆಷಿನ್ನಿನ ಚರ್ಮದ ಬೆಲ್ಟ್ ಪಟ್ಟನೆ ಹರಿಯಿತು. ಅವಳು ಗಾಬರಿಯಾಗಲಿಲ್ಲ. ಬಟನ್ ಅಂಗಡಿಗೆ ಹೇಗೂ ಹೊರಟಿದ್ದಳು.

"ಬೆಲ್ಟೂ ತರ್ತೀನಿ. ನಾನು ಬರೋವರೆಗೂ ಮೆಷಿನ್ ಮುಟ್ಟಬೇಡಿ," ಎಂದಳು.

"ನಾನ್ಯಾಕೆ ಮುಟ್ಲಿ?"

ಮುಟ್ಟುವವರೆಲ್ಲ ಹೀಗೇ ಕೇಳುತ್ತಾರೆಂದು ಅವಳಿಗೆ ಗೊತ್ತಿದ್ದರಿಂದ ಗೇಟಿನ ಹತ್ತಿರ ನಿಂತು ಇನ್ನೊಮ್ಮೆ ಹೇಳಿ ಹೋದಳು.

ಅವಳು ಬೀದಿಯ ತಿರುವು ದಾಟುವ ಮೊದಲೇ ಗಂಟಣ್ಣ ಒಳಕೋಣೆಯಲ್ಲಿ ಮೆಷಿನ್ನಿನ ಮುಂದೆ ಕೂತಿದ್ದ. ಬೆಲ್ಟ್ ಎಂದರೇನು? ಎರಡು ತುದಿ ಸೇರಿಸಿದ ಹಗ್ಗ. ತುದಿ ಸೇರಿಸುವುದರಲ್ಲಿ ತನ್ನನ್ನು ಮೀರಿಸಿದವರುಂಟೇ? ಅವಳು ಬೆವರು ಸುರಿಸಿಕೊಂಡು ಬೆಲ್ಟ್ ತಂದಾಗ ಮೆಷಿನ್ ಗರಗರ ತಿರುಗುತ್ತಿರಬೇಕು, ಅವಳು ಬೆಪ್ಪಾಗಿ ನಿಲ್ಲಬೇಕು. ಹುರಿಯನ್ನು ಮೂರೆಳೆ ಮಾಡಿ ಹೊಸೆದು, ಮೆಷಿನ್ನಿನ ಹಲಗೆಯ ತೂತಿನಿಂದ ಇಳಿಸಿ, ಕೆಳಗಿನ ಚಕ್ರಕ್ಕೆ ಸುತ್ತಿ, ಮೇಲೆ ತಂದು, ಹಲ್ಲುಕಚ್ಚಿ ತನ್ನ ಪ್ರಸಿದ್ಧ ಗಂಟನ್ನು ಜಡಿದ. ಗಂಟು ಒಂದು ನಿಂಬೆಹಣ್ಣಿನಷ್ಟು ದಪ್ಪವಾಯಿತು. ಅದನ್ನು ನೋಡಿ ಅವನಿಗೆ ಕಣ್ಣು ತುಂಬಿ ಬಂತು.

ಸೂಜಿಯ ಕೆಳಗೆ ಹೆಡ್ಮಾಸ್ಟರ ಕೋಟು ಹಾಗೇ ಇತ್ತು. ಪೆಡಲ್ ತುಳಿದ. ಸೂಜಿ ಕಾಲರಿನೊಳಗೆ ಇಳಿಯಿತು, ಗಂಟು ಹಲಗೆಯ ತೂತಿನೊಳಗೆ ಇಳಿಯಿತು, ಎರಡೂ ಅಲ್ಲೇ ನಿಂತವು. ಮುಂದಕ್ಕೆ ತುಳಿದರೆ ಇಲ್ಲ, ಹಿಂದಕ್ಕೆ ತುಳಿದರೆ ಇಲ್ಲ. ಇರುವ ಬಲವನ್ನೆಲ್ಲ ಬಿಟ್ಟು ಒಮ್ಮೆ ತುಳಿದ. ಗಂಟು ಇನ್ನಷ್ಟು ಆಳಕ್ಕೆ ಹೋಗಿ ಕಚ್ಚಿಕೊಂಡಿತು. ಕೋಟನ್ನು ಎಳೆದರೆ ಕಾಲರು ಹರಿಯುತ್ತಿತ್ತು, ಅಷ್ಟು ಬುದ್ಧಿ ಅವನಿಗೂ ಇತ್ತು. ಸಂಜೆಯ ಸಮಾರಂಭ, ಹೆಂಡತಿಯ ಹೆಸರು, ಗೇಟಿನ ಹತ್ತಿರ ಹೇಳಿದ ಮಾತು, ಮೂರೂ ಗಂಟಣ್ಣನಿಗೆ ಒಟ್ಟಿಗೆ ನೆನಪಾದವು. ಗಂಟು ಬಿಚ್ಚೋಣವೆಂದರೆ ಅದು ಅವನದೇ ಗಂಟು. ಕತ್ತರಿಸುವುದೊಂದೇ ದಾರಿ.

ಕತ್ತರಿ ಹಜಾರದಲ್ಲಿ ಮೇಜಿನ ಕಾಲಿಗೆ ಬಿಗಿಯಾಗಿತ್ತು. ಚಾಕು ಕಿಟಕಿಯ ಸರಳಿಗೆ ಬಿಗಿಯಾಗಿತ್ತು. ಕಿಟಕಿಯನ್ನು ಕೋಣೆಗೆ ತರುವಂತಿಲ್ಲ ಎಂದು ಯೋಚಿಸಿ, ಮೇಜನ್ನು ತರುವುದೆಂದು ಅವನು ತೀರ್ಮಾನಿಸಿದ. ದೊಡ್ಡ ಮನುಷ್ಯರ ತೀರ್ಮಾನಗಳು ಹೀಗೇ ಆಗುತ್ತವೆ. ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದ. ಏದುಸಿರು ಬಿಡುತ್ತಾ, ತಾನು ಕೋಣೆಯೊಳಗೆ ನಿಂತು ಮೇಜನ್ನು ಬಾಗಿಲೊಳಕ್ಕೆ ಎಳೆದ. ಅರ್ಧ ಬಂತು. ಆಮೇಲೆ ಅದರ ಕಾಲು ಚೌಕಟ್ಟಿಗೆ ಓರೆಯಾಗಿ ಸಿಕ್ಕಿಕೊಂಡು, ಒಳಗೂ ಬರಲೊಲ್ಲದು, ಹೊರಗೂ ಹೋಗಲೊಲ್ಲದು. ಸೊಂಟ ಮಾತ್ರ ಕಟಕ್ಕೆಂದಿತು.

ಆದರೂ ಗಂಟಣ್ಣ ಸೋಲೊಪ್ಪಲಿಲ್ಲ. ಮೇಜಿನ ಮೇಲೆ ಬೋರಲು ಮಲಗಿ ಕತ್ತರಿಯನ್ನು ಹಿಡಿದು ತಂದ. ದಾರ ಮೇಜಿನ ಈ ತುದಿಯವರೆಗೆ ಬಂದು ಬಿಗಿಯಾಯಿತು. ಮೆಷಿನ್ನಿಗೂ ಕತ್ತರಿಗೂ ಇನ್ನು ಒಂದೇ ಮೊಳ ಅಂತರ. ಎಳೆದ. ಬಯ್ದ. ಕತ್ತರಿಯ ಬಾಯಿ ತೆಗೆದು ಗಾಳಿಯಲ್ಲಿ ಕಚಕಚ ಆಡಿಸಿದ. ದಾರ ಇಷ್ಟು ಗಟ್ಟಿಯಿದೆಯಲ್ಲ ಎಂದು ಅಂಥ ಸಂಕಟದಲ್ಲೂ ಒಂದು ಕ್ಷಣ ಹೆಮ್ಮೆಪಟ್ಟ.

ಆ ಹೊತ್ತಿಗೆ ಹೆಂಡತಿ ಬಂದಳು. ಜೊತೆಯಲ್ಲಿ ಕೋಟು ತೆಗೆದುಕೊಂಡು ಹೋಗಲು ಬಂದಿದ್ದ ಹೆಡ್ಮಾಸ್ಟರ ಹೆಂಡತಿಯೂ ಇದ್ದಳು. ನೆಲದ ತುಂಬ ಗಿರಾಕಿಗಳ ಬಟ್ಟೆ. ಬಾಗಿಲಿಗೆ ಅಡ್ಡ ಮೇಜು. ಮೇಜಿನಾಚೆ ಕತ್ತರಿ ಹಿಡಿದು ನಿಂತ ಗಂಡ. ಅವನ ಹಿಂದೆ ಸೂಜಿಗೆ ಸಿಕ್ಕಿಬಿದ್ದ ಕೋಟು. ನೋಡಿ ಅವಳ ಕೈಯ ಚೀಲ ಕೆಳಗೆ ಬಿತ್ತು. ಗಿರಾಕಿಯ ಎದುರಲ್ಲಿ ಅವಳಿಗೆ ಅಳುವೇ ಬಂದುಬಿಟ್ಟಿತು.

ಗಂಟಣ್ಣ ಮಾತ್ರ ಹಳೆಯ ಆಫೀಸಿನ ಗತ್ತಿನಲ್ಲೇ ಪರಿಸ್ಥಿತಿಯನ್ನು ವಿವರಿಸಿದ. ಬೆಲ್ಟ್ ಹಾಕಿದ್ದರಲ್ಲಿ ಏನೂ ತಪ್ಪಿಲ್ಲ, ತಪ್ಪಿರುವುದು ಮೆಷಿನ್ ಹಲಗೆಯ ತೂತಿನ ಅಳತೆಯಲ್ಲಿ. ಈಗ ಮೇಜು ಒಂದು ಮೊಳ ಒಳಗೆ ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ.

"ಅದಕ್ಕೆ ಬಾಗಿಲ ಚೌಕಟ್ಟು ಕೀಳಬೇಕು. ಪಕ್ಕದ ಮನೇಲಿ ಹಾರೆ ಇದೆಯಾ ಕೇಳ್ಕೊಂಡು ಬಾ."

ಹೆಂಡತಿ ಕಣ್ಣೊರೆಸಿಕೊಂಡಳು. ಅವನನ್ನು ನೋಡಿದಳು, ದಾರವನ್ನು ನೋಡಿದಳು.

"ಆ ಕತ್ತರಿ ಇಲ್ಲಿ ಕೊಡಿ."

ಕೊಟ್ಟ. ಅವಳು ಅದರಿಂದಲೇ ಅದಕ್ಕೆ ಕಟ್ಟಿದ್ದ ದಾರವನ್ನು ಕಚಕ್ಕೆಂದು ಕತ್ತರಿಸಿ, ಕತ್ತರಿಯನ್ನು ಅವನ ಕೈಗೇ ವಾಪಸ್ಸು ಕೊಟ್ಟಳು.

"ಹಾರೆ ಬೇಕಾ ಇನ್ನೂ?"

ಗಂಟಣ್ಣನಿಗೆ ಆ ಗಳಿಗೆಯಲ್ಲಿ ಆದ ಅವಮಾನ ಅಷ್ಟಿಷ್ಟಲ್ಲ. ಹೋಗಿ ಹುರಿಯನ್ನು ಕತ್ತರಿಸಿದ. ಹೆಂಡತಿ ಮೇಜಿನಡಿ ನುಸುಳಿಕೊಂಡು ಒಳಗೆ ಬಂದು, ಅವನನ್ನು ಮೂಲೆಗೆ ಸರಿಸಿ, ಸೂಜಿ ಎತ್ತಿ ಕೋಟನ್ನು ಬಿಡಿಸಿದಳು. ಪುಣ್ಯಕ್ಕೆ ಕಾಲರು ಹರಿದಿರಲಿಲ್ಲ. ಹೊಸ ಬೆಲ್ಟ್ ಹಾಕಿ ಹೊಲಿಯಲು ಕೂತಳು. ಮೂಲೆಯಿಂದ ಹೊರಗೆ ಹೋಗಬೇಕಾದರೆ ಗಂಟಣ್ಣನೂ ಮೇಜಿನಡಿ ನುಸುಳಬೇಕು. ಸೊಂಟ ಬಗ್ಗುತ್ತಿರಲಿಲ್ಲ. ಅಲ್ಲೇ ನಿಂತ.

ಹೆಡ್ಮಾಸ್ಟರ ಹೆಂಡತಿ ಹಜಾರದಲ್ಲಿ ಸ್ಟೂಲಿನ ಮೇಲೆ ಕೂತು, ಮೇಜಿನಾಚೆ ನಿಂತ ಈ ಪ್ರಾಣಿಯನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕಾ, ಇವರು ಮೊದಲಿಂದಲೂ ಹೀಗೇನಾ?"

"ಇಲ್ಲಪ್ಪ. ಮೊದಲು ಆಫೀಸಿಗೆ ಹೋಗ್ತಿದ್ರು."

ಆಕೆಯ ಮುಖ ಸಪ್ಪಗಾಯಿತು. ತನ್ನ ಯಜಮಾನರು ನಾಳೆಯಿಂದ ಇಡೀ ದಿನ ಮನೆಯಲ್ಲೇ ಇರುತ್ತಾರೆಂದೂ, ನಿನ್ನೆಯೇ ಫ್ರಿಜ್ಜಿನ ಹಿಂದೆ ಬಗ್ಗಿ ಏನೋ ನೋಡುತ್ತಿದ್ದರೆಂದೂ, ಏನು ಎಂದು ಕೇಳಿದ್ದಕ್ಕೆ ನಕ್ಕು ಸುಮ್ಮನಾದರೆಂದೂ ಹೇಳಿಕೊಂಡಳು. ಆ ನಗುವೇ ಆಕೆಗೆ ಈಗ ಭಯ ಹುಟ್ಟಿಸುತ್ತಿತ್ತು. ಸ್ಟೂಲನ್ನು ಕೋಣೆಯ ಬಾಗಿಲ ಹತ್ತಿರಕ್ಕೆ ಎಳೆದುಕೊಂಡಳು.

"ಅಕ್ಕಾ, ಕೋಟಿನ ತೋಳಿನ ತುದಿ ಎರಡನ್ನೂ ಹೊಲಿದು ಮುಚ್ಚಿಬಿಡೋಕೆ ಆಗುತ್ತಾ?"

ಹೆಂಡತಿ ಪೆಡಲ್ ನಿಲ್ಲಿಸಿ, ಯಾವ ಗಿರಾಕಿ ಏನು ಕೇಳಿದರೂ ಯೋಚಿಸುವಂತೆಯೇ ಯೋಚಿಸಿದಳು.

"ಆಗುತ್ತೆ. ಆಮೇಲೆ ಊಟ ನೀವೇ ತಿನ್ನಿಸಬೇಕಾಗುತ್ತೆ."

"ತಿನ್ನಿಸ್ತೀನಿ ಬಿಡಿ. ಅದೇ ಕಡಿಮೆ ಕೆಲಸ."

ಮೂಲೆಯಲ್ಲಿದ್ದ ಗಂಟಣ್ಣ ತನ್ನೆರಡೂ ಕೈಗಳನ್ನು ಸದ್ದಿಲ್ಲದೆ ಬೆನ್ನ ಹಿಂದಕ್ಕೆ ಸರಿಸಿಕೊಂಡ.