ಆಷಾಢದಲ್ಲಿ ಕೊಂಡ ಕೋಟು

ಅಂಗಡಿಯವರು ನನ್ನನ್ನು ನೋಡಿ ನಕ್ಕರೆ ನನ್ನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಪರ್ಸು ತೆಗೆಯುವುದಕ್ಕಲ್ಲ, ಅದು ಇನ್ನೂ ಅಲ್ಲೇ ಇದೆಯೇ ಎಂದು ನೋಡಿಕೊಳ್ಳುವುದಕ್ಕೆ. ಇದು ಒಳ್ಳೆಯ ಗುಣವಲ್ಲ ಎಂದು ನನಗೆ ಗೊತ್ತು. ಆದರೆ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತವನಿಗೆ ಬೇರೆ ಗುಣ ಬರುವುದು ಕಷ್ಟ. ಜನ ತರುವ ಹಳೆಯ ಕಾಗದಗಳಲ್ಲಿ ಶಾಯಿ ಎಲ್ಲಿ ಬದಲಾಗಿದೆ, ಮೂರು ಯಾವಾಗ ಎಂಟಾಯಿತು ಎಂದು ಹುಡುಕುವುದೇ ನನ್ನ ಕೆಲಸ. ಆ ಕಣ್ಣನ್ನು ಸಂಜೆ ಐದೂವರೆಗೆ ಕಚೇರಿಯಲ್ಲೇ ಬಿಟ್ಟು ಬರಲು ಆಗುವುದಿಲ್ಲ. ಹಾಗಾಗಿ ಬಟ್ಟೆ ಅಂಗಡಿಯ ಗಾಜಿನ ಮೇಲೆ 'ಐವತ್ತು ಪರ್ಸೆಂಟ್‌ವರೆಗೆ ರಿಯಾಯಿತಿ' ಎಂಬ ಬರಹ ಕಂಡರೆ ಎಲ್ಲರ ಕಣ್ಣೂ ಐವತ್ತರ ಮೇಲೆ ನಿಂತರೆ, ನನ್ನ ಕಣ್ಣು ಆ 'ವರೆಗೆ' ಎಂಬ ಪುಟ್ಟ ಪದದ ಮೇಲೆ ನಿಲ್ಲುತ್ತದೆ. ಅದನ್ನು ಯಾವಾಗಲೂ ಇರುವೆಯ ಗಾತ್ರದಲ್ಲಿ ಬರೆಸಿರುತ್ತಾರೆ.

ಇಷ್ಟೆಲ್ಲ ಎಚ್ಚರವಿದ್ದೂ ನಾನು ಮೋಸಹೋಗಿಲ್ಲ ಎಂದು ಭಾವಿಸಬೇಡಿ. ಎಚ್ಚರದವರೇ ಹೆಚ್ಚು ಮೋಸಹೋಗುವುದು. ಹಿಂದೊಮ್ಮೆ 'ಎರಡು ಕೊಂಡರೆ ಎರಡು ಉಚಿತ' ಎಂಬ ಫಲಕ ನೋಡಿ, ಒಂದು ಗಂಟೆ ಹೊಲಿಗೆಯನ್ನೆಲ್ಲ ಪರೀಕ್ಷಿಸಿ ನಾಲ್ಕು ಪ್ಯಾಂಟು ತಂದೆ. ಹೊಲಿಗೆ ಚೆನ್ನಾಗಿಯೇ ಇತ್ತು. ಆದರೆ ನನ್ನ ಸೊಂಟದ ಅಳತೆಯಲ್ಲಿ ಇದ್ದದ್ದು ಒಂದೇ ಬಣ್ಣ, ಬೂದು. ನಾಲ್ಕನ್ನೂ ದಿನಕ್ಕೊಂದರಂತೆ ಒಗೆದು ಇಸ್ತ್ರಿ ಮಾಡಿ ಹಾಕಿಕೊಂಡು ಹೋಗುತ್ತಿದ್ದೆ. ಒಂದು ವರ್ಷವಾದ ಮೇಲೆ ಪಕ್ಕದ ಮೇಜಿನ ಸಹೋದ್ಯೋಗಿ ಊಟದ ಹೊತ್ತಿನಲ್ಲಿ ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಬೇಸರ ಮಾಡಿಕೊಳ್ಳಬಾರದು, ತಮ್ಮ ಮಗನದೊಂದು ಪ್ಯಾಂಟು ಚೆನ್ನಾಗಿದೆ, ಬೇಕಿದ್ದರೆ ತಂದುಕೊಡುತ್ತೇನೆ ಎಂದರು. ನನಗೆ ಇರುವುದು ಒಂದೇ ಪ್ಯಾಂಟು ಎಂದು ಇಡೀ ಕಚೇರಿ ಮರುಗುತ್ತಿತ್ತಂತೆ.

ಹೀಗಿರುವಾಗ ನಮ್ಮ ಮಗಳು ಚೈತ್ರಳ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸದಲ್ಲಿದ್ದಾನೆ. ಅವನ ತಂದೆ ವೆಂಕಟೇಗೌಡರು ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ಕಡೆ ತರಕಾರಿ ಬೆಳೆಯುವವರು. ಶ್ರಾವಣದ ಮೊದಲ ವಾರ ಒಳ್ಳೆಯ ದಿನ ಎಂದರು. ದಿನ ಗೊತ್ತಾದ ಸಂಜೆಯೇ ನನ್ನ ಹೆಂಡತಿ ಸರೋಜ ಬೀರುವಿನ ಬಾಗಿಲು ತೆಗೆದು ನನ್ನ ಬಟ್ಟೆಗಳನ್ನು ನೋಡಿ, ಧಡ್ ಎಂದು ಬಾಗಿಲು ಮುಚ್ಚಿದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳ ಮಾತಿಗೆ ನಾನು ಹೆದರಿದ್ದು ಕಡಿಮೆ, ಆ ಬಾಗಿಲು ಮುಚ್ಚುವ ಸದ್ದಿಗೆ ಹೆದರಿದ್ದು ಹೆಚ್ಚು. ಮಗಳು ಮಾತ್ರ ಬಾಯಿಬಿಟ್ಟು ಹೇಳಿದಳು: "ಅಪ್ಪಾ, ಒಂದು ಕೋಟು ತಗೋ. ಒಂದೇ ತಗೋ, ಒಳ್ಳೇದು ತಗೋ. ನಾಲ್ಕು ಬೇಡ."

ಒಳ್ಳೆಯದು ಎಂದರೆ ದೇವನಹಳ್ಳಿಯ ಕಡೆ, ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಶಾಪಿಂಗ್ ಮಾಲಿನ ಗಂಡಸರ ಬಟ್ಟೆ ಅಂಗಡಿ. ಅಳಿಯನಾಗುವವನೇ ಮಗಳಿಗೆ ಅದರ ಹೆಸರು ಹೇಳಿದ್ದನಂತೆ. ಆಷಾಢದಲ್ಲಿ ಅಲ್ಲಿ ದೊಡ್ಡ ಸೇಲ್ ಇರುತ್ತದೆ ಎಂದೂ ಹೇಳಿದ್ದನಂತೆ. ನಾನು ಆಷಾಢಕ್ಕೆ ಕಾಯಲಿಲ್ಲ. ಸೇಲಿಗೆ ಮೊದಲು ಬೆಲೆ ಏರಿಸಿ, ಆಮೇಲೆ ಏರಿಸಿದ್ದನ್ನೇ ಇಳಿಸುವ ವಿದ್ಯೆ ನನಗೆ ಗೊತ್ತಿಲ್ಲವೇ? ಜ್ಯೇಷ್ಠ ಮಾಸದಲ್ಲೇ ಒಂದು ಶನಿವಾರ ಬಸ್ಸು ಹತ್ತಿ ಹೋದೆ. ಒಳಗೆ ಎಷ್ಟು ತಂಪಾಗಿತ್ತೆಂದರೆ ಅಲ್ಲಿಯ ಗಾಳಿಗೂ ಬಿಲ್ಲು ಹಾಕುತ್ತಾರೇನೋ ಎಂದು ಅನುಮಾನವಾಯಿತು. ಕಡುನೀಲಿ ಬಣ್ಣದ ಕೋಟೊಂದು ಮನಸ್ಸಿಗೆ ಹಿಡಿಸಿತು. ಚೀಟಿ ತಿರುಗಿಸಿದರೆ ಇಪ್ಪತ್ತೆಂಟು ಸಾವಿರ. ಕೋಟನ್ನು ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಂತೆ ಮೆಲ್ಲಗೆ ವಾಪಸ್ ತೂಗುಹಾಕಿದೆ. ಬೆಲೆಯನ್ನೂ ಕೋಟಿನ ಸಂಖ್ಯೆಯನ್ನೂ ಅಂಗೈ ಪುಸ್ತಕದಲ್ಲಿ ಬರೆದುಕೊಂಡೆ. ಆಗ ಇನ್ನೊಂದು ಅನುಮಾನ ಬಂತು. ಸೇಲಿಗೆಂದೇ ಕಳಪೆ ಮಾಲು ಬೇರೆ ಮಾಡಿಸಿ, ಅದೇ ಸಂಖ್ಯೆ ಅಂಟಿಸಿ ತೂಗುಹಾಕಿದರೆ? ಆಚೀಚೆ ನೋಡಿ, ಒಳಜೇಬಿನ ಮೇಲಿದ್ದ ಬಟ್ಟೆಯ ಪಟ್ಟಿಯ ಮೂಲೆಯಲ್ಲಿ ನನ್ನ ಪೆನ್ನಿನಿಂದ ಒಂದು ಚುಕ್ಕಿ ಇಟ್ಟೆ. ಸಾಸಿವೆಯಷ್ಟು, ಅದಕ್ಕಿಂತ ದೊಡ್ಡದಲ್ಲ. ಕಚೇರಿಯಲ್ಲಿ ಕಡತದ ಹಾಳೆಗೆ ಹೀಗೆ ಗುರುತಿಟ್ಟು ನನಗೆ ಅಭ್ಯಾಸ. ಏನಾದ್ರೂ ಸಹಾಯ ಬೇಕಾ ಸರ್ ಎಂದು ಅಂಗಡಿಯ ಹೆಂಗಸೊಬ್ಬರು ಹಿಂದಿನಿಂದ ಕೇಳಿದರು. ಸುಮ್ಮನೆ ನೋಡುತ್ತಿದ್ದೇನೆ ಎಂದು ಹೊರಬಂದೆ.

ಆಷಾಢ ಬಂತು. ಮದುವೆ ಮುಂಜಿ ಇಲ್ಲದ ತಿಂಗಳು, ಬಟ್ಟೆಯವರು ತಾವಾಗಿಯೇ ಬಗ್ಗುವ ತಿಂಗಳು. ಎರಡನೆಯ ಬಾರಿ ಹೋದಾಗ ಅಂಗಡಿಯ ತುಂಬ ರಿಯಾಯಿತಿಯ ಕೆಂಪು ಹಾಳೆಗಳು. ನಾನು ಯಾವುದನ್ನೂ ನೋಡದೆ ನೇರ ನನ್ನ ಕೋಟಿನ ಹತ್ತಿರ ಹೋದೆ. ಅಂಗೈ ಪುಸ್ತಕ ತೆಗೆದು ತಾಳೆ ನೋಡಿದೆ. ಅದೇ ಸಂಖ್ಯೆ. ಅದೇ ಇಪ್ಪತ್ತೆಂಟು ಸಾವಿರ, ಒಂದು ರೂಪಾಯಿ ಏರಿಸಿರಲಿಲ್ಲ. ಅದರ ಮೇಲೆ ನಲವತ್ತು ಪರ್ಸೆಂಟ್ ಕಡಿತ. ಒಳಗೆ ನೋಡಿದರೆ ಚುಕ್ಕಿಯೂ ನನ್ನದೇ. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಎಲ್ಲವೂ ಸರಿಯಾಗಿದ್ದರೆ ಏನೋ ಸರಿಯಿಲ್ಲ ಎಂದೇ ಅರ್ಥ. ಇಷ್ಟು ಒಳ್ಳೆಯ ಕೋಟು, ಇಷ್ಟು ಕಡಿಮೆಗೆ, ಸೇಲ್ ಶುರುವಾಗಿ ಹತ್ತು ದಿನವಾದರೂ ಯಾಕೆ ಹೋಗಿಲ್ಲ? ಉಣ್ಣೆ ಎಂದು ಬರೆದು ಒಳಗೆ ಬೇರೇನಾದರೂ ಇರಬಹುದೇ?

ಇದಕ್ಕೆ ನನ್ನ ಬಳಿ ಮದ್ದಿತ್ತು. ನನ್ನ ತಂದೆ ಮನೆಯ ಹಿಂಭಾಗದಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡು ಸೀರೆ ನೇಯಿಸುತ್ತಿದ್ದರು. ಆ ಮಗ್ಗಗಳ ಸದ್ದಿನಲ್ಲೇ ನಾನು ಮಗ್ಗಿ ಕಲಿತದ್ದು. ನೂಲು ಮಾರಲು ಬಂದವರು ಏನೇ ಹೇಳಲಿ, ಅಪ್ಪ ಒಂದು ಎಳೆ ಕಿತ್ತು ಸುಟ್ಟು ನೋಡುತ್ತಿದ್ದರು. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಮಾತು ಸುಳ್ಳು ಹೇಳುತ್ತೆ, ಬೆಂಕಿ ಹೇಳಲ್ಲ ಅನ್ನುತ್ತಿದ್ದರು. ಕೋಟಿನ ಒಳಮಡಿಕೆಯಲ್ಲಿ ಹೊಲಿಗೆಯಿಂದ ಹೊರಗೆ ಬಂದಿದ್ದ ಒಂದು ಎಳೆಯನ್ನು ಮೆಲ್ಲಗೆ ಎಳೆದುಕೊಂಡು, ಅಂಗೈಯಲ್ಲಿ ಮುಚ್ಚಿ, ಕೆಳಗೆ ವಾಹನ ನಿಲ್ಲಿಸುವ ಜಾಗಕ್ಕೆ ಹೋದೆ. ಬೆಂಕಿಪೊಟ್ಟಣವನ್ನು ಬೆಳಿಗ್ಗೆಯೇ ದೇವರ ಮನೆಯಿಂದ ತಂದಿದ್ದೆ. ಕಂಬದ ಮರೆಯಲ್ಲಿ ಕಡ್ಡಿ ಗೀರಿ ಎಳೆಗೆ ಹಿಡಿದು, ಕಣ್ಣುಮುಚ್ಚಿ ಮೂಸಿದೆ. ಅಪ್ಪಟ ಕೂದಲಿನ ವಾಸನೆ. ಆ ಸಂತೋಷದಲ್ಲಿ ಕಣ್ಣು ಬಿಟ್ಟರೆ ಎದುರಿಗೆ ಮಾಲಿನ ಕಾವಲುಗಾರರೊಬ್ಬರು ನಿಂತಿದ್ದರು.

ಏನು ಸುಡುತ್ತಿದ್ದೀರಿ ಎಂದು ಕೇಳಿದರು. ದಾರ ಎಂದೆ. ಯಾಕೆ ಎಂದರು. ವಾಸನೆ ನೋಡುವುದಕ್ಕೆ ಎಂದೆ. ಯಾರ ದಾರ ಎಂದರು. ಅಂಗಡಿಯವರದು ಎಂದೆ. ನನ್ನ ಉತ್ತರಗಳಲ್ಲಿ ಒಂದೂ ಸುಳ್ಳಿರಲಿಲ್ಲ, ಆದರೆ ಒಂದೂ ನಂಬುವಂತೆಯೂ ಇರಲಿಲ್ಲ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ ಆ ನೋಟ ನನಗೆ ಚೆನ್ನಾಗಿ ಪರಿಚಯದ್ದು. ಇಪ್ಪತ್ತೆರಡು ವರ್ಷದಿಂದ ನಾನು ಬೇರೆಯವರನ್ನು ನೋಡುತ್ತಿರುವುದು ಹಾಗೆಯೇ. ಎದುರುಗಡೆ ನಿಂತಾಗ ಅದು ಎಷ್ಟು ಚುಚ್ಚುತ್ತದೆ ಎಂದು ಅವತ್ತು ತಿಳಿಯಿತು. ನಡೀರಿ ಮೇಲೆ ಎಂದು ಅವರು ನನ್ನನ್ನು ಮುಂದೆ ಬಿಟ್ಟುಕೊಂಡು, ಓಡುವ ಮೆಟ್ಟಿಲಿನ ಮೇಲೆ, ಐಸ್‌ಕ್ರೀಮ್ ತಿನ್ನುತ್ತಿದ್ದ ಸಂಸಾರಗಳ ನಡುವೆ, ಅಂಗಡಿಗೆ ಕರೆದುಕೊಂಡು ಬಂದರು. ನಮ್ಮೂರಿನವರು ಯಾರೂ ಅಲ್ಲಿರಬಾರದು ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ.

ಅಂಗಡಿಯಲ್ಲಿ ಹಿಂದಿನ ಸಲ ಮಾತಾಡಿಸಿದ್ದ ಹೆಂಗಸೇ ಇದ್ದರು. ಭಾಗ್ಯ ಎಂದು ಎದೆಯ ಮೇಲಿನ ಚೀಟಿಯಲ್ಲಿ ಹೆಸರಿತ್ತು. ನಲವತ್ತರ ಹತ್ತಿರದ ವಯಸ್ಸು, ಗದರದ ಗಂಟಲು. ಕಾವಲುಗಾರರ ದೂರನ್ನೆಲ್ಲ ಕೇಳಿ ಅವರು ಶಾಂತವಾಗಿ ಹೇಳಿದರು: "ಬಿಡಣ್ಣ, ನಮ್ ಕಸ್ಟಮರ್ರು. ಹೋದ ತಿಂಗಳು ಬಂದು ಕೋಟಿಗೆ ಚುಕ್ಕಿ ಇಟ್ಟು ಹೋಗಿದ್ರಲ್ಲ, ಅವರೇ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನೀವು ನೋಡಿದ್ದಿರಾ ಎಂದು ಕೇಳಿದೆ. ನೋಡಿದ್ದರಂತೆ. ನಮ್ಮ ತಾಲ್ಲೂಕಿನ ಮಧುರೆಯವರು ಅವರು. ಮನೆಯವರು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುತ್ತಾರಂತೆ. ನಾನು ಬಟ್ಟೆ ಹಿಡಿದ ರೀತಿಯಲ್ಲೇ ನೇಕಾರರ ಮನೆಯವನೆಂದು ಗೊತ್ತಾಗಿ, ಹೋಗಲಿ ಎಂದು ಸುಮ್ಮನಾದರಂತೆ. ಅಷ್ಟಕ್ಕೆ ಬಿಡಲಿಲ್ಲ. "ಸೇಲ್ ಶುರುವಾದ ದಿನಾನೇ ಇಬ್ಬರು ಈ ಕೋಟು ಇಷ್ಟಪಟ್ರು ಸರ್. ಒಳಗಡೆ ಚುಕ್ಕಿ ನೋಡಿ, ಯಾರೋ ವಾಪಸ್ ಕೊಟ್ಟಿರೋ ಮಾಲು ಅಂತ ಇಬ್ಬರೂ ಬಿಟ್ಟು ಹೋದ್ರು."

ಹತ್ತು ದಿನ ಆ ಕೋಟು ಯಾಕೆ ಮಾರಾಟವಾಗಲಿಲ್ಲ ಎಂಬ ನನ್ನ ಅನುಮಾನಕ್ಕೆ ಉತ್ತರ ಸಿಕ್ಕಿತು. ನನ್ನಂಥವರು ಊರಲ್ಲಿ ಇನ್ನೂ ಇಬ್ಬರಿದ್ದಾರೆ ಎಂದು ಸಮಾಧಾನವೂ ಆಯಿತು. ಆದರೂ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಹಾಗಿದ್ದರೆ ಕಲೆಯಾದ ಮಾಲು ಎಂದು ಇನ್ನೇನಾದರೂ ಕಡಿಮೆ ಮಾಡಲು ಬರುತ್ತದೆಯೇ ಎಂದು ಕೇಳಿಯೇಬಿಟ್ಟೆ. ಭಾಗ್ಯ ಕಾವಲುಗಾರರ ಕಡೆ ಒಮ್ಮೆ ನೋಡಿದರು. ನಾನು ಪರ್ಸು ತೆಗೆದೆ.

ಬಿಲ್ಲು ಹಾಕುವ ಮೊದಲು ಅವರೇ ಕೋಟು ತೊಡಿಸಿ, ಭುಜದ ಹೊಲಿಗೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಬೆಲೆ, ದಾರ ಎಲ್ಲ ನೋಡಿದಿರಿ, ಭುಜ ನೋಡಲಿಲ್ಲವಲ್ಲ ಎಂದರು. ತೋಳು, ಸೊಂಟ ಎಲ್ಲವನ್ನೂ ಊರಿನ ಟೈಲರ್ ಸರಿಮಾಡುತ್ತಾನೆ, ಭುಜ ಕೂರದಿದ್ದರೆ ಎಷ್ಟು ಕಡಿಮೆಗೆ ಕೊಂಡರೂ ದಂಡ ಎಂದು ತಿಳಿಸಿದರು. ನನ್ನ ಪುಣ್ಯಕ್ಕೆ ಭುಜ ಅಳೆದು ಹೊಲಿದಂತೆ ಕೂತಿತ್ತು. ಮನೆಗೆ ತಂದು ಹಾಕಿ ತೋರಿಸಿದಾಗ ಸರೋಜ ಸುತ್ತ ಒಂದು ಪ್ರದಕ್ಷಿಣೆ ಬಂದು, ಎಲ್ಲಿ ಮೋಸಹೋದಿರಿ ಎಂದು ಕೇಳಿದಳು. ಎಲ್ಲೂ ಇಲ್ಲ ಎಂದರೆ ನಂಬಲಿಲ್ಲ. ಅವಳನ್ನು ದೂರಿ ಪ್ರಯೋಜನವಿಲ್ಲ, ಅಷ್ಟು ವರ್ಷ ನನ್ನ ಜೊತೆ ಬಾಳಿದ್ದಾಳೆ.

ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಚೈತ್ರ ಹಸೆಯ ಮೇಲಿಂದ ನನ್ನನ್ನು ನೋಡಿ, ಚೆನ್ನಾಗಿದೆ ಎಂಬಂತೆ ಕಣ್ಣರಳಿಸಿದಳು. ಆ ಒಂದು ನೋಟಕ್ಕೆ ಪೂರ್ತಿ ಇಪ್ಪತ್ತೆಂಟು ಸಾವಿರವನ್ನೂ ಕೊಡಬಹುದಿತ್ತು ಅನ್ನಿಸಿತು, ಆಮೇಲೆ ಬೇಗ ಸರಿಹೋದೆ. ಊಟವಾಗಿ ವೀಳ್ಯ ಹಾಕಿಕೊಳ್ಳುವಾಗ ಬೀಗರು ವೆಂಕಟೇಗೌಡರು ಪಕ್ಕದಲ್ಲಿ ಬಂದು ಕೂತರು. ಬಿಳಿ ಪಂಚೆ, ಬಿಳಿ ಅಂಗಿ. ಮಾರುಕಟ್ಟೆಯಲ್ಲಿ ದಲ್ಲಾಳಿಗಳ ಜೊತೆ ನಲವತ್ತು ವರ್ಷ ಪಳಗಿದ ಕೈ. ಆ ಕೈ ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿತು.

"ಬಟ್ಟೆ ಚೆನ್ನಾಗೈತೆ ಬೀಗ್ರೇ. ಎಷ್ಟಾಯ್ತು?"

ಹದಿನೇಳು ಸಾವಿರಕ್ಕೆ ಇನ್ನೂರು ಕಡಿಮೆ ಎಂಬ ಸತ್ಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಸುತ್ತ ಅವರ ಕಡೆಯ ಎಂಟು ಜನ ಕೂತಿದ್ದರು. "ಇಪ್ಪತ್ತೆಂಟು," ಎಂದೆ. ದೂರದಲ್ಲಿ ತಾಂಬೂಲ ಹಂಚುತ್ತಿದ್ದ ಸರೋಜಳ ಕೈ ಒಂದು ಗಳಿಗೆ ನಿಂತು ಮತ್ತೆ ಚಲಿಸಿತು.

ಬೀಗರು ಮೆಚ್ಚಿ ತಲೆದೂಗಿದರು. ಮದುವೆಗೆ ಕೋಟು ಹಾಕಲೇಬೇಕೆಂದು ಮಗ ಹಠ ಹಿಡಿದಿದ್ದಾನೆ, ತಮಗೆ ಈ ಅಂಗಡಿಗಳ ವ್ಯವಹಾರ ತಿಳಿಯದು ಎಂದರು. "ನೀವು ಬಟ್ಟೆ ಬಲ್ಲೋರು. ಇಂಥದ್ದೇ ಒಂದು ನಂಗೂ ಕೊಡಿಸ್ಬುಡಿ. ಬರೋ ಭಾನುವಾರ ಇಬ್ರೂ ಹೋಗ್ ಬರಾಣ, ದುಡ್ಡು ಇಪ್ಪತ್ತೆಂಟು ತಂದಿರ್ತೀನಿ."

ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಸೇಲ್ ಇನ್ನೂ ನಡೆಯುತ್ತಿದ್ದರೆ, ಬೀಗರು ಅಂಗಡಿಗೆ ಕಾಲಿಟ್ಟೊಡನೆ ಆ ಕೆಂಪು ಹಾಳೆಗಳು ಕಾಣುತ್ತವೆ. ಅವರು ನನಗೆ ಏನೂ ಅನ್ನಲಾರರು, ದೊಡ್ಡ ಮನುಷ್ಯರು. ಆದರೆ ನಾನು ಹೇಳಿದ ಉಳಿದ ಮಾತುಗಳಲ್ಲೂ ನಲವತ್ತು ಪರ್ಸೆಂಟ್ ಕಳೆದು ನೋಡಲು ಶುರುಮಾಡಿದರೆ? ಹುಡುಗಿಗೆ ಅಡುಗೆ ಚೆನ್ನಾಗಿ ಬರುತ್ತದೆ ಎಂದು ಹೇಳಿದವನೂ ನಾನೇ. ನಿಜ ಹೇಳಿಬಿಡಿ ಎಂದು ಸರೋಜ ದಿನಕ್ಕೆರಡು ಸಲ ಹೇಳುತ್ತಾಳೆ. ಫೋನು ಕೈಗೆತ್ತಿಕೊಂಡು ಬೀಗರ ಮನೆಯ ಸಂಖ್ಯೆ ಒತ್ತಲು ಹೋಗಿ, ಕೊನೆಗೆ ಬಿಲ್ಲಿನ ಮೇಲಿದ್ದ ಅಂಗಡಿಯ ಸಂಖ್ಯೆ ಒತ್ತಿದೆ. ಭಾಗ್ಯ ಅವರೇ ಎತ್ತಿಕೊಂಡರು. ಸೇಲ್ ಶನಿವಾರದೊಳಗೆ ಮುಗಿಯುತ್ತದೆ ತಾನೇ ಎಂದು ಕೇಳಿದೆ.

"ಗಾಬರಿ ಬೀಳ್ಬೇಡಿ ಸರ್," ಎಂದರು ಅವರು. "ಗೌರಿ ಹಬ್ಬದವರೆಗೂ ಮುಂದುವರಿಸಿದ್ದಾರೆ. ಇನ್ನೂ ಹತ್ತು ಪರ್ಸೆಂಟ್ ಜಾಸ್ತಿ ಬಿಟ್ಟಿದ್ದಾರೆ. ನಿಧಾನವಾಗಿ ಬನ್ನಿ."

ಅಂಗಡಿಯವರು ಹೇಳಿದ ಮಾತನ್ನು ಒಂದಿಷ್ಟೂ ಅನುಮಾನವಿಲ್ಲದೆ ನಾನು ನಂಬಿದ್ದು ಜೀವನದಲ್ಲಿ ಅದೇ ಮೊದಲು.